ನಾಯಿಗೆ ಓದಿ ಹೇಳುವ ಇಪ್ಪತ್ತು ನಿಮಿಷ

'ಎದ್ದು ನಿಂತು ಜೋರಾಗಿ ಓದು' ಎಂದರೆ ಕೆಲವು ಮಕ್ಕಳಿಗೆ ಗಂಟಲೇ ಕಟ್ಟುತ್ತದೆ. ಒತ್ತಕ್ಷರದಲ್ಲಿ ತಡವರಿಸಿದರೆ ಹಿಂದಿನ ಬೆಂಚಿನಿಂದ ನಗು, ಎದುರಿನಿಂದ ಟೀಚರ ತಿದ್ದುಪಡಿ. ಅದೇ ಮಗು ನಾಯಿಯ ಪಕ್ಕ ಕೂತು ಓದುವಾಗ 'ಸ್ವಾತಂತ್ರ್ಯ'ದಲ್ಲಿ ಮೂರು ಸಲ ಎಡವಿ ನಾಲ್ಕನೇ ಸಲ ತಾನೇ ಸರಿಮಾಡಿಕೊಳ್ಳಬಹುದು. ನಾಯಿ ತಿದ್ದುವುದಿಲ್ಲ, ಅಷ್ಟೇ. 1999ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಇಂಟರ್‌ಮೌಂಟನ್ ಥೆರಪಿ ಅನಿಮಲ್ಸ್ ಸಂಸ್ಥೆ ಮಕ್ಕಳು ನಾಯಿಗೆ ಓದಿ ಹೇಳುವ 'ರೀಡ್' ಕಾರ್ಯಕ್ರಮ ಶುರುಮಾಡಿದ್ದು ಈ ಎಳೆ ಹಿಡಿದೇ.

2019ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 249 ವಿದ್ಯಾರ್ಥಿಗಳ ಅಧ್ಯಯನ ಪ್ರಕಟಿಸಿದರು. ಹತ್ತು ನಿಮಿಷ ನಾಯಿ, ಬೆಕ್ಕುಗಳನ್ನು ಮುದ್ದಿಸಿದವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಉಳಿದವರಿಗಿಂತ ಕಡಿಮೆಯಿತ್ತು. ಅವರು ಕಾಲೇಜಿನವರು. ಅದನ್ನೇ ತೋರಿಸಿ 'ನಾಯಿ ಬಂದರೆ ಅಂಕ ಏರುತ್ತೆ' ಎನ್ನುವವರನ್ನು ನಂಬಬೇಡಿ.

ನಿಮ್ಮ ಶಾಲೆಯಲ್ಲೂ ಮಾಡುವುದಾದರೆ ಲೈಬ್ರರಿಯ ಮೂಲೆಯಲ್ಲಿ ಒಂದು ಚಾಪೆ ಸಾಕು. ನಾಯಿ ಮಲಗಿರಲಿ, ಒಂದು ಪಕ್ಕ ಮಗು, ಇನ್ನೊಂದು ಪಕ್ಕ ನಾಯಿಯನ್ನು ಕರೆತಂದವರು. ಹಗ್ಗ ಸದಾ ಅವರ ಕೈಯಲ್ಲೇ. ಬೆಂಚಿನ ಕಾಲಿಗೆ ಕಟ್ಟುವಂತಿಲ್ಲ. ಒಂದು ಸಲಕ್ಕೆ ಒಂದೇ ಮಗು, 15ರಿಂದ 20 ನಿಮಿಷ. ಪುಸ್ತಕ ಮಗುವಿನ ತರಗತಿಗಿಂತ ಒಂದು ಮೆಟ್ಟಿಲು ಸುಲಭವಿರಲಿ. ನಾಯಿಯ ಹೆಸರು ರಾಜ ಎಂದಿಟ್ಟುಕೊಳ್ಳಿ; ಮಗು ಪದವೊಂದರಲ್ಲಿ ಸಿಕ್ಕಿಕೊಂಡರೆ ಅವರು 'ರಾಜನಿಗೆ ಇದು ಅರ್ಥ ಆಗ್ಲಿಲ್ವಂತೆ, ಇಬ್ಬರೂ ಸೇರಿ ಹೇಳ್ಕೊಡೋಣ್ವಾ?' ಎನ್ನಬೇಕು. ತಪ್ಪು ನಾಯಿಯ ತಲೆಗೆ ಹೋಗುತ್ತದೆ, ಮಗು ಮೇಷ್ಟ್ರಾಗುತ್ತದೆ. ಪಕ್ಕದಲ್ಲಿ ಟೀಚರ್ ಕೂತು ಉಚ್ಚಾರ ತಿದ್ದತೊಡಗಿದರೆ ಎಲ್ಲ ಕೆಟ್ಟಿತು.

ನಾಯಿಯ ಜಾತಿ ಮುಖ್ಯವಲ್ಲ, ಒಳ್ಳೆಯ ಸ್ವಭಾವದ ನಾಡನಾಯಿಯೂ ಆದೀತು. ವರ್ಷ ತುಂಬಿರಬೇಕು. ಹಿಂದಿನಿಂದ ಸ್ಟೀಲ್ ತಟ್ಟೆ ಬೀಳಿಸಿ ನೋಡಿ: ಬೆಚ್ಚಿದರೆ ತಪ್ಪಿಲ್ಲ, ಕೆಲವೇ ಕ್ಷಣದಲ್ಲಿ ಸುಧಾರಿಸಿಕೊಳ್ಳಬೇಕು. ಶಾಲೆಯ ಗಂಟೆ ಅದಕ್ಕಿಂತ ಜೋರು. ರೇಬೀಸ್ ಲಸಿಕೆಯ ಸರ್ಟಿಫಿಕೇಟು ಚಾಲ್ತಿಯಲ್ಲಿರಬೇಕು, ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಔಷಧಿ, ಹಿಂದಿನ ದಿನ ಸ್ನಾನ, ಕತ್ತರಿಸಿದ ಉಗುರು. ಹಸಿ ಮಾಂಸ ತಿನ್ನುವ ನಾಯಿ ಬೇಡ. ಅದರಿಂದ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಬಹುದು.

ಎಡವಟ್ಟಾಗುವುದು ಹೆಚ್ಚಾಗಿ ಹತ್ತು ಮಕ್ಕಳು ಒಟ್ಟಿಗೆ ಮುತ್ತಿಕೊಂಡಾಗ, ಇಲ್ಲವೇ ಯಾರಾದರೂ ಕುತ್ತಿಗೆ ಬಳಸಿ ತಬ್ಬಿಕೊಂಡಾಗ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಖುಷಿ ಅಂತಲ್ಲ. ನಿದ್ದೆ ಬರದಿದ್ದರೂ ಆಕಳಿಕೆ, ಪದೇ ಪದೇ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣಿಸುವುದು: ಇಷ್ಟರಲ್ಲಿ ಒಂದು ಕಂಡರೂ ಆ ದಿನಕ್ಕೆ ಸಾಕು. ಗುರ್ ಎನ್ನುವವರೆಗೆ ಕಾದರೆ ತಡವಾಯಿತು.

ಬೀದಿನಾಯಿ ಅಟ್ಟಿಸಿಕೊಂಡು ಬಂದ ನೆನಪಿರುವ ಮಕ್ಕಳು ನಮ್ಮಲ್ಲಿ ಬಹಳ. ಅವರನ್ನು 'ಮುಟ್ಟು, ಏನೂ ಮಾಡಲ್ಲ' ಎಂದು ತಳ್ಳಬೇಡಿ, ಬಾಗಿಲ ಬಳಿ ಕೂತು ನೋಡಲಿ. ಅಲರ್ಜಿ, ಉಬ್ಬಸದ ವಿಷಯ ಮೊದಲೇ ಪೋಷಕರಿಂದ ಬರೆಸಿಕೊಳ್ಳಿ. ಮುಟ್ಟುವ ಮುಂಚೆ, ಆಮೇಲೆ ಕೈ ತೊಳೆಯಬೇಕು. ಹಲ್ಲು ತಾಗಿ ಸಣ್ಣ ಗೀರಾದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆ. 'ಲಸಿಕೆ ಹಾಕಿಸಿದ ನಾಯಿ ಕಣ್ರೀ' ಎಂಬ ವಾದ ಅಲ್ಲಿ ಡಾಕ್ಟರ ಮುಂದೆ ಮಾಡಿಕೊಳ್ಳಿ.

ಊಟದ ಗಂಟೆಗೆ ಹತ್ತು ನಿಮಿಷ ಮುಂಚೆಯೇ ನಾಯಿ ಗೇಟು ದಾಟಿರಲಿ. ತಟ್ಟೆ ಹಿಡಿದು ಓಡುವ ಇನ್ನೂರು ಮಕ್ಕಳ ನಡುವೆ, ಸಾಂಬಾರಿನ ಘಮದಲ್ಲಿ, ಎಂಥ ಶಾಂತ ನಾಯಿಗೂ ಕಲಿತದ್ದು ಮರೆತುಹೋಗುತ್ತದೆ.