‘ಪುಕ್ಕಟೆ ದುಡ್ಡು ಬಂದ ಮೇಲೆ ಯಾರೂ ಕೆಲಸಕ್ಕೆ ಬರ್ತಿಲ್ವಂತೆ, ಅಲ್ವಾ?’

ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಅಲ್ಲ.

ಶಿರಸಿಯಿಂದ ಒಳಗೆ, ದಿನಕ್ಕೆ ಮೂರು ಸಲ ಬಸ್ಸು ಬರುವ ಊರಿನಲ್ಲಿ ನಾನು ಬ್ಯಾಂಕ್ ಮಿತ್ರ. ಬ್ಯಾಂಕಿನ ಪರವಾಗಿ ಊರಲ್ಲೇ ಕೂತು, ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ಕೆಲಸ. ಒಂದು ಮೇಜು, ಅಂಗೈಯಗಲದ ಯಂತ್ರ, ಜಗಲಿಯಲ್ಲೊಂದು ಬೆಂಚು. ಗೃಹಲಕ್ಷ್ಮಿಯ 2,000, ಕಿಸಾನ್ ಸಮ್ಮಾನದ 2,000, ಮುದುಕರ ಪಿಂಚಣಿ ಎಲ್ಲವೂ ನನ್ನ ಕಣ್ಣೆದುರೇ ಕೈ ಸೇರುತ್ತದೆ. ಹಾಗಾಗಿ ಮದುವೆಮನೆಯಲ್ಲಿ, ತಿಥಿಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ಸಿಕ್ಕಿದರೂ ಜನ ಇದನ್ನೇ ಕೇಳುತ್ತಾರೆ. ಕೊನೆಗೊಂದು ‘ಅಲ್ವಾ?’ ಇದ್ದೇ ಇರುತ್ತದೆ. ಈ ‘ಅಲ್ವಾ’ ಕಂಡರೆ ನನಗೆ ಸಿಟ್ಟು. ಉತ್ತರ ಬೇಕಿದ್ದವರು ಹಾಗೆ ಕೇಳುವುದಿಲ್ಲ.

ಕಳೆದ ವರ್ಷ ನೆಂಟರ ಮನೆಯ ಉಪನಯನ. ಊಟವಾಗಿ ಜಗಲಿಯಲ್ಲಿ ಕವಳದ ಬಟ್ಟಲು ಓಡಾಡುತ್ತಿತ್ತು. ಸಂಬಂಧದಲ್ಲಿ ದೊಡ್ಡಪ್ಪನಾಗಬೇಕಾದವರೊಬ್ಬರು, ಎಂಟು ಎಕರೆ ತೋಟದವರು, ಎಲ್ಲರಿಗೂ ಕೇಳುವಂತೆ ಕರೆದರು. “ಎಂತದೇ ಕೂಸೆ, ನಿನ್ನ ಯಂತ್ರ ಬಂದ ಮೇಲೆ ಅಡಕೆ ಸುಲಿಯಲೆ ಒಂದು ಜನ ಸಿಕ್ತಿಲ್ಲೆ.” ಸುತ್ತ ಕೂತವರೆಲ್ಲ ಹೌದು ಹೌದು ಎಂದರು. ಉಪನಯನದ ಮನೆ, ದೊಡ್ಡವರು. ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಅಂದು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡಪ್ಪ, ಲೆಕ್ಕ ಹಾಕೋಣ. 2025-26ರಲ್ಲಿ ನಮ್ಮ ರಾಜ್ಯಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಗೃಹಲಕ್ಷ್ಮಿಯ 2,000 ಎಂದರೆ ಐದೂವರೆ ದಿನದ ಕೂಲಿಯೂ ಅಲ್ಲ. ಐದು ದಿನದ ಕೂಲಿ ಇಟ್ಟುಕೊಂಡು ಮೂವತ್ತು ದಿನ ಯಾರು ಮಲಗುತ್ತಾರೆ? ಕಿಸಾನ್ ಸಮ್ಮಾನದಲ್ಲಿ ನಿಮ್ಮ ಖಾತೆಗೂ ವರ್ಷಕ್ಕೆ 6,000 ಬರುತ್ತದೆ, ನಮ್ಮ ಮನೆಗೂ ಬರುತ್ತದೆ. 2019ರಿಂದ ಬರುತ್ತಿದೆ. ಹೇಗೆ ಖರ್ಚು ಮಾಡಿದಿರಿ ಎಂದು ಯಾರೂ ಕೇಳಿಲ್ಲ. ಅದರ ಹೆಸರಲ್ಲೇ ‘ಸಮ್ಮಾನ’ ಇದೆ. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದಾಗ ರೈತರು ಸೋಮಾರಿಗಳಾದಾರು ಎಂದು ಒಬ್ಬರೂ ಹೇಳಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಶುರುವಾದ ಹೆಂಗಸರ 2,000ಕ್ಕೆ ಮಾತ್ರ ‘ಬಿಟ್ಟಿ’ ಎಂಬ ಹೆಸರು ಅಂಟಿತು.

ನಿಮ್ಮಲ್ಲಿಗೆ ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬರನ್ನು ನಾನು ಬಲ್ಲೆ. ಆ ಅಕ್ಕ ಪ್ರತಿ ಆಷಾಢದಲ್ಲೂ ತೋಟದವರ ಮನೆಯಿಂದ ಅಕ್ಕಿ ಮತ್ತು ಮುಂಗಡ ತರುತ್ತಿದ್ದರು. ಮಳೆಗಾಲದಲ್ಲಿ ಇಲ್ಲಿ ಯಾರ ಕೈಯಲ್ಲೂ ಕಾಸಿರುವುದಿಲ್ಲ. ಅಡಿಕೆ ಬರುವುದು ದೀಪಾವಳಿಯ ಆಚೆಗೆ. ಆ ಮುಂಗಡ ತೀರುವವರೆಗೆ ಕರೆದಾಗ ಹೋಗಬೇಕು, ಅವರು ಹೇಳಿದ ದರಕ್ಕೆ ಸುಲಿಯಬೇಕು. ಈಗ ಎರಡು ಮಳೆಗಾಲದಿಂದ ಅವರು ಮುಂಗಡ ತಂದಿಲ್ಲ. ತಮ್ಮ ಅರ್ಧ ಎಕರೆ ಗದ್ದೆಯ ನಟ್ಟಿ ಮೊದಲು, ತಮ್ಮ ಕೊಯ್ಲು ಮೊದಲು. ಆಮೇಲೆ ಸುಲಿಯಲು ಹೋಗುತ್ತಾರೆ, ದರ ಹೆಚ್ಚು ಕೊಡುವ ಮನೆಗೆ. ದೊಡ್ಡಪ್ಪನ ಜಗಲಿಯಿಂದ ನೋಡಿದರೆ ಅವರು ಕೆಲಸಕ್ಕೆ ಬರುತ್ತಿಲ್ಲ. ನಿಜ, ಅಲ್ಲಿಗೆ ಬರುತ್ತಿಲ್ಲ.

ಮಧ್ಯಪ್ರದೇಶದಲ್ಲೂ ಹೀಗೇ ಆಗಿತ್ತು. 2011ರಿಂದ ಅಲ್ಲಿನ ಕೆಲವು ಹಳ್ಳಿಗಳಲ್ಲಿ ‘ಸೇವಾ’ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಯಾವ ಷರತ್ತೂ ಇಲ್ಲದೆ ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ. ಆಮೇಲೆ ಅದು 300 ಮತ್ತು 150 ಆಯಿತು. ಜನ ಬೀಜ, ಗೊಬ್ಬರ, ಆಡು ಕೊಂಡರು. ಕೂಲಿ ಕಡಿಮೆಯಾಯಿತು, ಸ್ವಂತ ಹೊಲದ ದುಡಿಮೆ ಹೆಚ್ಚಿತು. ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಎರಡನೆಯ ಪ್ರಶ್ನೆ ‘ಗಂಡಸರು ಕುಡಿದು ಹಾಳು ಮಾಡ್ತಾರಂತಲ್ಲ’. ಕೀನ್ಯಾದ ಪಶ್ಚಿಮ ಭಾಗದ ಬಡ ಹಳ್ಳಿಗಳಲ್ಲಿ ‘ಗಿವ್‌ಡೈರೆಕ್ಟ್ಲಿ’ ಸಂಸ್ಥೆ ಷರತ್ತಿಲ್ಲದೆ ದುಡ್ಡು ಕೊಟ್ಟಿತು. ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹೆಂಡ, ತಂಬಾಕಿನ ಖರ್ಚು ಹೆಚ್ಚಿರಲಿಲ್ಲ. ಊಟ ಸುಧಾರಿಸಿತ್ತು, ದನಕರು ಹೆಚ್ಚಿದ್ದವು. ಹುಲ್ಲು ಹೊದಿಸಿದ ಮನೆಗಳಿಗೆ ತಗಡು ಬಂದಿತ್ತು. ತಗಡು ಶೋಕಿಗಲ್ಲ, ಹುಲ್ಲಿನ ಮಾಡಿಗೆ ಮತ್ತೆ ಮತ್ತೆ ಆಗುವ ಖರ್ಚು ಉಳಿಯಿತು. ಪ್ರತಿ ಬೇಸಿಗೆಯಲ್ಲಿ ಕೊಟ್ಟಿಗೆಗೆ ಸೋಗೆ ಹೊದಿಸಿ ಗೊತ್ತಿದ್ದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಡಿಯುವ ಗಂಡಸರು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬೆಂಚಿನ ಮೇಲೆ ಹೆಂಡತಿಯ ದುಡ್ಡಿಗಾಗಿ ಕಾಯುತ್ತ ಕೂರುವವರನ್ನು ನೋಡಿದ್ದೇನೆ. ಒಂದು ದಿನ ಅಂಥವರೊಬ್ಬರ ಹೆಂಡತಿ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದರು. “ಎಷ್ಟ್ ಇತ್ತು ಅಂತ ದೊಡ್ಡಕೆ ಹೇಳ್ಬೇಡ ತಂಗಿ.” ಆವತ್ತಿನಿಂದ ಖಾತೆಯಲ್ಲಿ ಎಷ್ಟಿದೆ ಎಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಚೀಟಿಯ ಮೇಲೆ ಬರೆದು, ಅವರ ಕಡೆ ತಿರುಗಿಸಿ, ನೋಡಿಯಾದ ಮೇಲೆ ಹರಿದು ಹಾಕುತ್ತೇನೆ. ಅಕ್ಷರ ಬಾರದವರಿಗೂ ಅಂಕಿ ಗೊತ್ತು. ಪಿಸುಗುಟ್ಟಿದ ಆ ಅಕ್ಕ ಅಂದು ಒಂದು ಸಾವಿರ ತೆಗೆದುಕೊಂಡು, ಇನ್ನೊಂದನ್ನು ಖಾತೆಯಲ್ಲೇ ಬಿಟ್ಟು ಹೋದರು.

ನಮ್ಮ ಮನೆಯದನ್ನೂ ಹೇಳಬೇಕು. ಎರಡು ಎಕರೆಗೂ ಕಡಿಮೆ ತೋಟ. ಅಡಿಕೆಗೆ ಕೊಳೆರೋಗ ಬಂದರೆ ವರ್ಷದ ಕಥೆ ಮುಗಿದಂತೆ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ ಮದ್ದು ಹೊಡೆಸಲೇಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಜೊತೆಗೆ ಮರ ಹತ್ತುವ ಕೊನೆಗೌಡರ ಕೂಲಿ. ಏಪ್ರಿಲ್‌ನಿಂದ ಜುಲೈವರೆಗಿನ ಕಿಸಾನ್ ಕಂತು ಇದಕ್ಕೇ ಎಂದು ಅಪ್ಪಯ್ಯ ಎತ್ತಿಟ್ಟಿರುತ್ತಾರೆ. 2025ರಲ್ಲಿ ಮಳೆ ಮೇ ಕೊನೆಯ ವಾರವೇ ಹಿಡಿಯಿತು. ಕಂತು ಬಂದದ್ದು ಆಗಸ್ಟ್ 2ಕ್ಕೆ. ಅಷ್ಟರಲ್ಲಿ ಎರಡೂ ಮದ್ದಿನ ಕಾಲ ಕಳೆದಿತ್ತು. ಆ ಸಲ ಮೈಲುತುತ್ತು ಬಂದದ್ದು ಆಯಿಯ, ಅಂದರೆ ಅಮ್ಮನ, ಗೃಹಲಕ್ಷ್ಮಿಯಲ್ಲಿ. ಕೊನೆಗೌಡರು ಅಂಗಳಕ್ಕೆ ಬಂದು ಎಲ್ಲಿಂದ ಶುರುಮಾಡಲಿ ಎಂದು ಅಪ್ಪಯ್ಯನನ್ನು ಕೇಳಿದರು. ಆಯಿ ಒಳಗಿನಿಂದ ಬಂದು “ಆಚೆ ಮಗ್ಗಲಿನ ಮರ ಮೊದಲು ಹೊಡಿ, ಅಲ್ಲಿ ಕಾಲುವೆ ಕಟ್ಟಿ ನೀರು ನಿಲ್ತು” ಎಂದರು. ನಲವತ್ತು ವರ್ಷ ಅದೇ ತೋಟದಲ್ಲಿ ದರಕು (ಒಣ ತರಗೆಲೆ) ಹೊತ್ತಿದ್ದಾರೆ, ನೀರು ನಿಲ್ಲುವ ಜಾಗ ಅವರಿಗೆ ಯಾವಾಗಲೋ ಗೊತ್ತಿತ್ತು. ಕೆಲಸದ ಹೊತ್ತಿಗೆ ಅಂಗಳಕ್ಕೆ ಬಂದು ಹೇಳಿದ್ದನ್ನು ನಾನು ನೋಡಿದ್ದು ಮೊದಲ ಸಲ. ಅಪ್ಪಯ್ಯ ಹ್ಞೂಂ ಎಂದರು.

ಇಷ್ಟು ಹೇಳಿದ ಮೇಲೆ ನನ್ನದೂ ಒಂದು ಪ್ರಶ್ನೆ ಇದೆ. ದುಡ್ಡು ಬಂದವರು ಏನು ಮಾಡುತ್ತಾರೆ ಎಂದು ಎಲ್ಲರೂ ಕೇಳುತ್ತೀರಿ. ಬಾರದವರು ಏನು ಮಾಡುತ್ತಾರೆ ಎಂದು ಒಬ್ಬರೂ ಯಾಕೆ ಕೇಳುವುದಿಲ್ಲ?

ಸುಗ್ಗಿಯಲ್ಲಿ ನನ್ನ ಮೇಜಿನ ಹತ್ತಿರ ಬಂದು ನೋಡಿ. ದಿನವಿಡೀ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದ ಹೆಂಗಸರ ಬೆರಳು ಒಗರು ಹತ್ತಿ ಕಪ್ಪಾಗಿರುತ್ತದೆ. ಹೆಬ್ಬೆಟ್ಟಿನ ಗೆರೆ ಸವೆದು ನುಣ್ಣಗಾಗಿರುತ್ತದೆ. ಯಂತ್ರ ಒಪ್ಪುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಲೆಗೂದಲಿನ ಎಣ್ಣೆಗೆ ಉಜ್ಜಿ, ಎಡಗೈಯ ಉಂಗುರ ಬೆರಳಿನವರೆಗೆ ಹತ್ತೂ ಬೆರಳು ಇಟ್ಟು ನೋಡುತ್ತೇವೆ. ದುಡಿದೂ ದುಡಿದೂ ಬೆರಳಿನ ಗುರುತೇ ಅಳಿಸಿದವರ ಬಗ್ಗೆ ‘ದುಡಿಯೋದಿಲ್ಲ’ ಎಂಬ ಮಾತು ಕೇಳಿಸಿಕೊಂಡು ನಾನು ಹೇಗೆ ಸುಮ್ಮನಿರಲಿ?

ಕಿಸಾನ್ ದುಡ್ಡಿಗೆ ಪಹಣಿ ಬೇಕು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆಯಾಗದ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬಾರದ, ಮನೆಗಳಿಗೆ ಅದಿಲ್ಲ. ಅದಕ್ಕಿಂತ ದೊಡ್ಡದು ಅತಿಕ್ರಮಣದ ಜಮೀನು. ನಮ್ಮ ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ದಾಖಲೆಯಲ್ಲಿ ಅರಣ್ಯ. ಅದರೊಳಗೇ ಗದ್ದೆ, ತೋಟ ಮಾಡಿಕೊಂಡು ಬಂದವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಬುಡಕಟ್ಟಿನವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲೇ ಇದ್ದೆವೆಂದು ತೋರಿಸಬೇಕು. 1930ರ ಕಾಗದ ಯಾರ ಮನೆಯ ಅಟ್ಟದಲ್ಲಿದೆ?

ಕಿಸಾನ್ ಕಂತು ಬಂದ ದಿನ ತಪ್ಪದೆ ಬರುವ ಅಜ್ಜ ಒಬ್ಬರಿದ್ದಾರೆ. ಕಾಡಂಚಿನ ಒಂದೂವರೆ ಎಕರೆಯಲ್ಲಿ ಅವರಪ್ಪ ನೆಟ್ಟ ಅಡಿಕೆ ಇದೆ. ಹೆಬ್ಬೆಟ್ಟು ಇಟ್ಟು “ನಂದೂ ಬಂತೇನು ನೋಡು” ಎನ್ನುತ್ತಾರೆ. ಪಿಂಚಣಿ ಮಾತ್ರ ಇರುತ್ತದೆ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟ ಅರ್ಜಿಯ ರಸೀದಿ ತೆಗೆದು ಮೇಜಿನ ಮೇಲೆ ಬಿಡಿಸಿಡುತ್ತಾರೆ. ಮಡಿಕೆಯ ಜಾಗದಲ್ಲಿ ಅದು ಹರಿಯುತ್ತ ಬಂದಿದೆ. ಕಳೆದ ಸಲ ಅದರ ಎರಡು ನಕಲು ತೆಗೆಸಿಕೊಟ್ಟೆ. ಒಂದನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಊರಿನ ಅರಣ್ಯ ಹಕ್ಕು ಸಮಿತಿ ಮುಂದಿನ ಸಲ ಸೇರಿದಾಗ ಅಜ್ಜನ ಜೊತೆ ನಾನೂ ಹೋಗುವವಳಿದ್ದೇನೆ.