ಹೆಡ್ ಮೇಡಂ ನನ್ನ ಕ್ಲಾಸು ತಗೊಂಡ ದಿನ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಜ್ಞಾನದ ಟೀಚರ್ ಆಗಿ ಸೇರಿ ಮೂರನೇ ವಾರ. ಒಂಬತ್ತನೇ ಕ್ಲಾಸಿನ ಮಕ್ಕಳು ನನ್ನ ಉಚ್ಚಾರಣೆ ಆಡಿಕೊಂಡು ನಗೋಕೆ ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಪಾಠ ಅರ್ಧಕ್ಕೇ ಕೆಟ್ಟಿತು. ಹಿಂದಿನ ಸಾಲಲ್ಲಿ ಹೆಡ್ ಮೇಡಂ ಕೂತಿದ್ದರು. ಅವರ ಕೈಯಲ್ಲಿ ಪುಸ್ತಕವೂ ಇಲ್ಲ, ಪೆನ್ನೂ ಇಲ್ಲ. ಬೆಲ್ ಆದಮೇಲೆ ಬೈಸಿಕೊಳ್ಳೋಕೆ ತಯಾರಾಗಿ ನಿಂತೆ. ಅವರು ಅಂದಿದ್ದಿಷ್ಟು: "ನಾಳೆ ಮೂರನೇ ಪೀರಿಯಡ್ ಇದೇ ಮಕ್ಕಳಿಗೆ ಗಣಿತ ಇದೆ. ಹೋಗಿ ಕೂತು ನೋಡಿ. ಆ ಹೊತ್ತಿನ ನಿಮ್ಮ ಏಳನೇ ಕ್ಲಾಸನ್ನು ನಾನು ತಗೋತೀನಿ."

ಹೋದೆ. ಗಣಿತದ ಮೇಷ್ಟ್ರು ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿ ಒಳಗೆ ಬಿಡ್ತಿದ್ದರು. ಬೋರ್ಡ್ ಮೇಲೆ ಆಗಲೇ ಒಂದು ಲೆಕ್ಕ ಕಾದಿತ್ತು. ಮಾತಿಗೆ ಪುರುಸೊತ್ತೇ ಇಲ್ಲದ ಹಾಗೆ ಮಕ್ಕಳು ಬಗ್ಗಿ ಬರೆಯೋಕೆ ಶುರುಮಾಡಿದರು. ಯಾವ ಭಾಷಣವೂ ಕಲಿಸದ್ದನ್ನು ಆ ಬಾಗಿಲು ನನಗೆ ಕಲಿಸಿತು.

ಬೈಗುಳಕ್ಕೆ ಯಾಕೆ ತಯಾರಾಗಿದ್ದೆ ಅಂದರೆ, ಊರಲ್ಲಿ ನಾನು ಕಂಡಿದ್ದೇ ಅದು. ಬಿ.ಎಡ್. ಮುಗಿಸಿ ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಒಂದು ವರ್ಷ ಪಾಠ ಮಾಡಿದೆ. ಅಪ್ಪ ಕೆ.ಆರ್. ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಅವರ ಜೊತೆಗಿದ್ದು, ಬೆಳಗ್ಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ. ಮುಖ್ಯಸ್ಥರು ಎಲ್ಲರೆದುರೇ ಹಾಜರಿ ಪುಸ್ತಕ ತೆಗೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಏನಾಯ್ತಮ್ಮ ಅಂತ ಒಂದು ಮಾತು ಕೇಳಲಿಲ್ಲ. ಅಪ್ಪ ಹುಷಾರಾಗಿ ಮನೆಗೆ ಬಂದರು. ಆ ಗೆರೆ ಮಾತ್ರ ಇನ್ನೂ ಕಣ್ಣಲ್ಲಿದೆ.

ಇಲ್ಲಿನ ಹೆಡ್ ಒಳ್ಳೆಯವರು ಅಂತ ಹೇಳಿ ಮುಗಿಸೋಕಾಗಲ್ಲ. ಅವರ ಒಳ್ಳೆಯತನಕ್ಕೆ ಟೈಮ್ ಟೇಬಲ್ಲಿನಲ್ಲೇ ಜಾಗ ಇದೆ. ಸರ್ಕಾರಿ ಶಾಲೆಯ ಟೀಚರಿಗೆ ಪಾಠದ ಸಮಯದಲ್ಲಿ ಶೇ. 10ರಷ್ಟನ್ನು ತಯಾರಿಗೆ, ನೋಟ್ಸ್ ತಿದ್ದೋಕೆ ಬಿಡಲೇಬೇಕು. 2021ರ ಸೆಪ್ಟೆಂಬರಿನಿಂದ ಹೊಸಬರಿಗೆ ಎರಡು ವರ್ಷದ ಆಸರೆ ಇದೆ: ಮೊದಲ ವರ್ಷ ಇನ್ನೂ ಶೇ. 10ರಷ್ಟು ಪಾಠ ಕಡಿಮೆ, ಎರಡನೇ ವರ್ಷ ಶೇ. 5ರಷ್ಟು. ಜೊತೆಗೆ ಕೂತು ಮಾತಾಡೋಕೆ ಒಬ್ಬ ಹಿರಿಯ ಟೀಚರ್. ಊರಿನದು ಒಂದೇ ವರ್ಷದ ಅನುಭವ ಆದ್ದರಿಂದ ನನ್ನನ್ನೂ ಹೊಸಬರ ಜೊತೆ ಸೇರಿಸಿದರು, ಅದೇ ನನ್ನ ಪುಣ್ಯ. ಇಷ್ಟಿದ್ದೂ ಇಲ್ಲಿ ಐದು ವರ್ಷದೊಳಗೆ ಮೂವರಲ್ಲಿ ಒಬ್ಬರು ಕೆಲಸ ಬಿಡ್ತಾರೆ. ನಾನೂ ಅವರಲ್ಲೊಬ್ಬಳಾಗ್ತಿದ್ದೆ, ಆ ಮೂರನೇ ವಾರ ಹಾಗೆ ಮುಗಿಯದೆ ಹೋಗಿದ್ದರೆ.

ಲೀಡ್ಸ್‌ನ ಬೇಸಿಗೆ ರಜಕ್ಕೆ ಊರಿಗೆ ಬಂದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಮದ್ದೂರಿನ ಹತ್ತಿರ ಒಂದು ಸರ್ಕಾರಿ ಶಾಲೆಗೆ ಹೊಸದಾಗಿ ಹೆಚ್.ಎಂ. ಆಗಿದ್ದಾಳೆ. ಕಾಳು ಸುಲೀತಾ ಪೂರ್ತಿ ಕೇಳಿಸಿಕೊಂಡಳು.

"ಅಲ್ಲ ಕಣೇ, ನಾವಿರೋದೇ ನಾಲ್ಕು ಜನ. ಒಬ್ರು ಬಿಎಲ್‌ಓ ಅಂತ ಮತದಾರರ ಪಟ್ಟಿ ಕೆಲಸಕ್ಕೆ ಹೋಗಿರ್ತಾರೆ, ಒಬ್ರು ತರಬೇತಿಗೆ. ಹಾಲು, ಬಿಸಿಯೂಟದ ಲೆಕ್ಕ ನಾನು ನೋಡ್ಬೇಕು. ಪೀರಿಯಡ್ ಬಿಡು ಅಂದ್ರೆ ಎಲ್ಲಿಂದ ಬಿಡ್ಲಿ?"

ಅವಳ ಮಾತು ನಿಜ. ನಾಲ್ಕು ಜನರ ಶಾಲೆಗೆ ಲೀಡ್ಸ್‌ನ ಲೆಕ್ಕ ತಂದು ಹಚ್ಚೋಕಾಗಲ್ಲ. ಆ ಕೊರತೆ ತುಂಬಬೇಕಾದ್ದು ಇಲಾಖೆ. ಆದರೂ ಕೇಳಿದೆ, "ನಿಮ್ಮ ಅತಿಥಿ ಶಿಕ್ಷಕಿ ಮಧ್ಯಾಹ್ನ ಯಾವಾಗ ಊಟ ಮಾಡ್ತಾಳಕ್ಕ?" ಅಕ್ಕ ಕಾಳು ಸುಲಿಯೋದು ನಿಲ್ಲಿಸಿದಳು. ಮಕ್ಕಳಿಗೆ ಬಡಿಸಿ, ಸಾಲು ನೋಡಿಕೊಂಡು, ಬೆಲ್ ಆಗೋ ಹೊತ್ತಿಗೆ ಆ ಹುಡುಗಿ ನಿಂತೇ ನಾಲ್ಕು ತುತ್ತು ತಿಂತಾಳೆ ಅನ್ನೋದು ಅವಳಿಗೆ ಆಗ ನೆನಪಾಯಿತು.

ಹೋದ ಶನಿವಾರ ಫೋನ್ ಬಂತು. "ಗುರುವಾರ ಊಟ ಆದ್ಮೇಲಿನ ಪೀರಿಯಡ್ ನಾನೇ ತಗೊಂಡೆ ಕಣೇ. ಕೂತ್ಕೊಂಡು ಊಟ ಮಾಡು, ಆಮೇಲೆ ನಾಳಿನ ಪಾಠ ನೋಡ್ಕೋ ಅಂದೆ. ಅವಳು ಊಟದ ಡಬ್ಬಿ ಹಿಡ್ಕೊಂಡು ನನ್ನೇ ನೋಡ್ತಾ ನಿಂತ್ಬಿಟ್ಲು. ಏನಾದ್ರೂ ತಪ್ಪಾಯ್ತಾ ಮೇಡಂ ಅಂತಾಳೆ!"

ಮುಂದಿನ ಗುರುವಾರವೂ ತಗೋತೀಯಾ ಅಂದೆ. ಆಗಲೇ ಬೋರ್ಡ್ ಮೇಲೆ ಬರೆದಾಗಿದೆ ಅಂದಳು.