ಸುಲು ಕಾಲಿಸ್ ಕತ್ತಿ, 6ನೇ ವಾರ: ಹಿಡಿ ಕೊನೆಗೂ ಬಿಟ್ಕೊಂತು

ಹಿಡಿ ಕೈಗೆ ಬಂತು! ಮೂರು ವಾರದಿಂದ ಇದೊಂದಕ್ಕೇ ಒದ್ದಾಡ್ತಿದ್ದೆ.

ಇದು ದಕ್ಷಿಣ ಫಿಲಿಪೈನ್ಸ್‌ನ ಮೋರೋ ಜನರ (ಅಲ್ಲಿನ ಮುಸ್ಲಿಮರ) ಕ್ರಿಸ್ ಕತ್ತಿ, ಸುಲು ದ್ವೀಪಗಳ ತೌಸುಗ್ ಜನ ಕಾಲಿಸ್ ಅಂತಾರೆ. ಜಾವಾದ ಕ್ರಿಸ್ ಚುಚ್ಚೋಕೆ ಮಾಡಿದ ಸಣ್ಣ ಬಾಕು, ಇದು ಕಡಿಯೋಕೂ ಆಗೋ ಪೂರ್ತಿ ಕತ್ತಿ, ಎರಡೂ ಕಡೆ ಬಾಯಿ ಇರತ್ತೆ. ನನ್ನದರ ಅಲಗು 21 ಇಂಚು, ಬುಡದ ಕಡೆ ಐದು ಬಾಗು, ಆಮೇಲೆ ತುದಿವರೆಗೂ ನೇರ.

ಹಿಂದೆ ಯಾರೋ ಅಲ್ಲಾಡ್ತಿದ್ದ ಹಿಡಿಗೆ ಎಪಾಕ್ಸಿ ಅಂಟು ಸುರಿದುಬಿಟ್ಟಿದ್ರು, ಅದನ್ನ ನೋಡಿದಾಗ ನಿಜವಾಗ್ಲೂ ಹೊಟ್ಟೆ ಉರೀತು. ಮೂಲದಲ್ಲಿ ಇದನ್ನ ರಾಳ ಕರಗಿಸಿ ಕೂರಿಸ್ತಿದ್ರು, ನಮ್ಮ ಕಡೆ ಕುಡುಗೋಲಿನ ಹಿಡಿಗೆ ಅರಗು ಕಾಯಿಸಿ ಹಾಕ್ತಾರಲ್ಲ ಹಾಗೇ, ಬೇಕಂದಾಗ ಬಿಸಿ ಮಾಡಿದ್ರೆ ಸಾಕು ಬಿಟ್ಕೊಳತ್ತೆ. ಎಪಾಕ್ಸಿ ಹಾಗೆ ಸುಲಭಕ್ಕೆ ಬಿಡಲ್ಲ. ದಿನಾ ಸಂಜೆ ಹೇರ್ ಡ್ರೈಯರ್‌ನಿಂದ ಅಲಗಿನ ಬುಡ ಬಿಸಿ ಮಾಡೋದು, ಮರಕ್ಕೆ ಒದ್ದೆ ಬಟ್ಟೆ ಸುತ್ತೋದು, ಸ್ವಲ್ಪ ತಿರುಗಿಸಿ ನೋಡೋದು, ಮತ್ತೆ ಬಿಡೋದು, ಹೀಗೇ ಮಾಡ್ತಾ ಮಾಡ್ತಾ ಭಾನುವಾರ ಟಕ್ ಅಂತ ಒಂದು ಸದ್ದು ಬಂತು, ಎದೆ ಧಸಕ್ ಅಂತು, ಮರ ಸೀಳ್ತೇನೋ ಅಂತ. ಇಲ್ಲ, ಕಾಕಟೂ ಹಕ್ಕಿ ತಲೆ ಆಕಾರದ ಹಿಡಿ ತುದಿ, ಅದರ ಜುಟ್ಟು ಸಮೇತ, ಹಾಗೇ ಇದೆ. ಹಿಡಿಯೊಳಗೆ ಹೋಗೋ ಅಲಗಿನ ಬಾಲ ನಾಲ್ಕು ಮೂಲೆದು, ಹೊಡೆದಾಗ ಅಲಗು ಹಿಡಿಯೊಳಗೆ ತಿರುಗಬಾರದು ಅಂತ ಹಾಗೆ ಮಾಡಿರೋದು. ಅದರ ಬುಡದಲ್ಲಿ ಹಳೇ ಕಪ್ಪು ರಾಳ ಉಗುರಷ್ಟು ಉಳ್ಕೊಂಡಿತ್ತು. ಅದನ್ನ ಕೆರೆದಿಲ್ಲ.

ಹಿಡಿಗೂ ಅಲಗಿಗೂ ಸೇರಿಸಿ ಬಿಗಿಯೋ ತಾಮ್ರದ ಪಟ್ಟಿಗೆ ಅಸಾಂಗ್-ಅಸಾಂಗ್ ಅಂತಾರೆ, ಒಂದು ಕಡೇದು ಸಡಿಲ ಆಗಿದೆ. ಮುರಿದಿಲ್ಲ, ಸದ್ಯ.

ಅಲಗಿನ ವಿಷಯ. ಕೆಂಪು ತುಕ್ಕು ಮಾತ್ರ ತೆಗೀತಿದೀನಿ, ಎಣ್ಣೆ ಹಚ್ಚಿ ಎರಡು ದಿನ ಬಿಟ್ಟು ಅತಿ ನಯವಾದ ಸ್ಟೀಲ್ ವುಲ್‌ನಲ್ಲಿ ಮೆಲ್ಲಗೆ ಉಜ್ಜೋದು ಅಷ್ಟೇ. ಕಪ್ಪು ಪದರ ಕಬ್ಬಿಣವನ್ನ ತಿನ್ನಲ್ಲ, ಅದನ್ನ ಮುಟ್ಟೋಕೆ ನಂಗೆ ಮನಸ್ಸಿಲ್ಲ. ಗ್ರೈಂಡರ್ ಹಾಕಿ ಕನ್ನಡಿ ಥರ ಮಾಡೋರನ್ನ ಕಂಡ್ರೆ ಬೇಜಾರಾಗತ್ತೆ, ನೂರು ವರ್ಷದ ಗುರುತು ಹತ್ತು ನಿಮಿಷದಲ್ಲಿ ಹೋಗತ್ತೆ. ಬುಡದ ಹತ್ರ ಒಂದಿಂಚು ಜಾಗದಲ್ಲಿ ಬಿಸಿ ವಿನೆಗರ್ ಹತ್ತಿಯಲ್ಲಿ ಅದ್ದಿ ಒರೆಸಿದೆ, ಅಡುಗೆ ಸೋಡಾ ನೀರಲ್ಲಿ ತೊಳೆದೆ, ಒಣಗಿಸಿ ಎಣ್ಣೆ ಹಚ್ಚಿದೆ. ಹಲಗೆ ಮೇಲಿನ ಗೆರೆಗಳ ಥರ ಬೂದು-ಕಪ್ಪು ಪದರ ಎದ್ದು ಬಂತು ನೋಡಿ, ಲೋಹ ಮಡಚಿ ಮಡಚಿ ಬಡಿದಿರೋ ಗುರುತು! ಅಲಗಿನ ಬುಡದ ಅಗಲವಾದ ಭಾಗಕ್ಕೆ ಗಾಂಗ್ಯಾ ಅಂತಾರೆ, ಅದೂ ನಿಜವಾಗ್ಲೂ ಬೇರೆ ತುಂಡೇ, ಸಂದಿಗೆ ಎಣ್ಣೆ ಇಳೀತು. ಈಚಿನ ಕತ್ತಿಗಳಲ್ಲಿ ಎಷ್ಟೋ ಸಲ ಬರೀ ಗೆರೆ ಕೊರೆದಿರ್ತಾರೆ.

1906ರಲ್ಲಿ ಬುಡ್ ದಾಜೋ, 1913ರಲ್ಲಿ ಬುಡ್ ಬಗ್ಸಾಕ್, ಸುಲುವಿನ ಹೋಲೋ ದ್ವೀಪದ ಈ ಎರಡು ಬೆಟ್ಟಗಳಲ್ಲಿ ಅಮೆರಿಕನ್ ಸೈನ್ಯದ ಎದುರು ಹೆಂಗಸರು ಮಕ್ಕಳು ಸೇರಿ ನೂರಾರು ಮೋರೋ ಜನ ಸತ್ತರು, ಆ ಕಾಲದಲ್ಲಿ ಸೈನಿಕರು ಇಂಥ ಕತ್ತಿಗಳನ್ನ ನೆನಪಿಗೆ ಅಂತ ಊರಿಗೆ ತಗೊಂಡು ಹೋದ್ರು. ನನ್ನದರ ಜೊತೆ ಯಾವ ಕಾಗದವೂ ಬಂದಿಲ್ಲ. ಆದ್ರೂ ಉಜ್ಜೋವಾಗ ಆ ಸತ್ತವರ ನೆನಪು ಬರದೇ ಇರಲ್ಲ.

ಮುಂದಿನ ವಾರ ರಾಳ ತರಿಸಿ ಹಿಡಿ ಕೂರಿಸ್ಬೇಕು. ಒರೆಯ ಬೆತ್ತದ ಸುತ್ತು ಬಿಚ್ಕೊಂಡಿದೆ, ಅದಕ್ಕೆ ತೆಳು ಬೆತ್ತ ನೆನೆಹಾಕಿದೀನಿ.